ಸಂಘದ ಗಣಕಯಂತ್ರಕ್ಕೆ ದಿನಕ್ಕೊಂದು ಹೊಸತು ಬೇಕೆ?



2025ರ ಸೆಪ್ಟೆಂಬರಿನಲ್ಲಿ ನಡೆದ ನಮ್ಮ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರಗಳು ಮಂಜೂರಾಗಿ, ಹೊರಗೆ ಊಟದ ಎಲೆ ಹಾಕುವ ಸದ್ದು ಕೇಳಿಸುತ್ತಿದ್ದ ಹೊತ್ತಿಗೆ, ಹಿಂದಿನ ಸಾಲಿನಿಂದ ಕಿರಿಯ ಸದಸ್ಯರೊಬ್ಬರು ಎದ್ದು ಒಂದು ಪ್ರಶ್ನೆ ಕೇಳಿದರು. ಸಂಘದ ಕಚೇರಿಯ ಗಣಕಯಂತ್ರಗಳಲ್ಲಿರುವ ಲಿಬ್ರೆಆಫೀಸ್ 7.4ನೆಯ ಆವೃತ್ತಿಯದು, ಅದು ಹೊರಬಂದದ್ದು 2022ರ ಆಗಸ್ಟಿನಲ್ಲಿ. ತಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಈ ತಿಂಗಳದ್ದೇ ಇದೆ. ಎರಡೂ ಪುಕ್ಕಟೆ ಸಿಗುವಾಗ ಸಂಘವು ಮೂರು ವರ್ಷ ಹಳೆಯದನ್ನು ಕಟ್ಟಿಕೊಂಡು ಕುಳಿತಿರುವುದೇಕೆ? ಕಾರ್ಯದರ್ಶಿಗಳಿಗೆ ಹೊಸತೆಂದರೆ ಭಯವೆ? ಸಭೆ ನಕ್ಕಿತು, ನಾವೂ ನಕ್ಕೆವು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಆ ದಿನ ಕೊಡಬೇಕಾಗಿದ್ದ ಉತ್ತರವನ್ನು ಈಗ ಈ ಪತ್ರಿಕೆಯ ಮೂಲಕ ಕೊಡುತ್ತಿದ್ದೇವೆ. ಪ್ರಶ್ನೆ ನ್ಯಾಯವಾದದ್ದೇ ಆಗಿದ್ದುದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸದಸ್ಯರು ಕ್ಷಮಿಸಬೇಕು.

ಹಿನ್ನೆಲೆ ಎಲ್ಲರಿಗೂ ಗೊತ್ತಿರಲಾರದು. ಕಚೇರಿಯ ನಾಲ್ಕು ಗಣಕಯಂತ್ರಗಳನ್ನು ಕೊಂಡದ್ದು 2016ರಲ್ಲಿ. ಅವುಗಳಲ್ಲಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರ ನಂತರ ಎಂದಿನಂತೆ ಭದ್ರತಾ ತಿದ್ದುಪಡಿಗಳು ಬರುವುದಿಲ್ಲವೆಂದು ಮೈಕ್ರೋಸಾಫ್ಟಿನವರು ಬಹಳ ಮೊದಲೇ ತಿಳಿಸಿದ್ದರು. ವಿಂಡೋಸ್ 11 ಆ ಕಾಲದ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಯಂತ್ರಗಳೇನೋ ಗಟ್ಟಿಯಾಗಿವೆ, ಒಂದರ ಫ್ಯಾನು ಮಾತ್ರ ಕಾಫಿ ಪಲ್ಪರಿನಂತೆ ಸದ್ದು ಮಾಡುತ್ತದೆ. ನಾಲ್ಕನ್ನೂ ಗುಜರಿಗೆ ಹಾಕುವುದು ಆಡಳಿತ ಮಂಡಳಿಗೆ ಸರಿಕಾಣಲಿಲ್ಲ. ಟ್ಯಾಲಿ ಲೆಕ್ಕಕ್ಕೆಂದು ಒಂದು ಹೊಸ ವಿಂಡೋಸ್ ಯಂತ್ರವನ್ನು ಕೊಂಡು, ಹಳೆಯವುಗಳಲ್ಲಿ ಮೂರಕ್ಕೆ ಲಿನಕ್ಸ್ ಹಾಕಿ ತೂಕದ ಕೌಂಟರು, ಗೊಬ್ಬರದ ಮಳಿಗೆ ಮತ್ತು ಪತ್ರವ್ಯವಹಾರಕ್ಕೆ ಬಳಸುವುದೆಂದೂ, ನಾಲ್ಕನೆಯದನ್ನು ಬದಲಿಗೆ ಇಟ್ಟುಕೊಳ್ಳುವುದೆಂದೂ ತೀರ್ಮಾನವಾಯಿತು.

ಲಿನಕ್ಸ್ ಎಂದಮಾತ್ರಕ್ಕೆ ಅದು ಒಂದೇ ಅಲ್ಲ. ಅದರಲ್ಲಿ ಮುಖ್ಯವಾಗಿ ಎರಡು ಸಂಪ್ರದಾಯಗಳಿವೆ, ನಮ್ಮ ಕಿರಿಯ ಸದಸ್ಯರ ಪ್ರಶ್ನೆ ಹುಟ್ಟಿರುವುದೂ ಅಲ್ಲಿಂದಲೇ.

ಮೊದಲನೆಯದು ಸ್ಥಿರ ಆವೃತ್ತಿಯ ಸಂಪ್ರದಾಯ. ಅದಕ್ಕೆ ಒಳ್ಳೆಯ ಉದಾಹರಣೆ ಡೆಬಿಯನ್. 1993ರಲ್ಲಿ ಇಯಾನ್ ಮುರ್ಡಾಕ್ ಎಂಬ ವಿದ್ಯಾರ್ಥಿ ಆರಂಭಿಸಿದ ಈ ಕಾರ್ಯವನ್ನು ಇಂದು ಜಗತ್ತಿನ ನಾನಾ ದೇಶಗಳ ಸ್ವಯಂಸೇವಕರು ನಡೆಸುತ್ತಾರೆ. ಒಂದರ್ಥದಲ್ಲಿ ಅದೂ ಒಂದು ಸಹಕಾರ ಸಂಘವೇ. ಅವರಲ್ಲಿ ಹೊಸ ಸಾಫ್ಟ್‌ವೇರ್ ಮೊದಲು 'ಅಸ್ಥಿರ' ಎಂಬ ಕೊಟ್ಟಿಗೆಗೆ ಬರುತ್ತದೆ. ಅಲ್ಲಿ ಕೆಲವು ದಿನ ದೊಡ್ಡ ದೂರಿಲ್ಲದೆ ಕಳೆದರೆ 'ಪರೀಕ್ಷೆ' ಎಂಬ ಎರಡನೆಯ ಕೊಟ್ಟಿಗೆಗೆ ಹೋಗುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಆ ಕೊಟ್ಟಿಗೆಯ ಬಾಗಿಲು ಹಾಕಿ, ಇನ್ನು ಹೊಸದೇನೂ ಒಳಗೆ ಬರಕೂಡದೆಂದು ಘೋಷಿಸಿ, ತಿಂಗಳುಗಟ್ಟಲೆ ಇರುವ ದೋಷಗಳನ್ನಷ್ಟೇ ತಿದ್ದುತ್ತಾರೆ. ಹದಿಮೂರನೆಯ ಆವೃತ್ತಿಗೆ ಹೀಗೆ ಬಾಗಿಲು ಹಾಕಲು ಆರಂಭಿಸಿದ್ದು 2025ರ ಮಾರ್ಚಿನಲ್ಲಿ, ಅದು ಹೊರಬಿದ್ದದ್ದು ಆಗಸ್ಟ್ 9ರಂದು. ಅದರಲ್ಲಿರುವ ಪ್ಯಾಕೇಜುಗಳು 69 ಸಾವಿರಕ್ಕೂ ಮಿಕ್ಕು. ಈ ಆವೃತ್ತಿಗಳಿಗೆಲ್ಲ ಒಂದು ಮಕ್ಕಳ ಸಿನಿಮಾದ ಆಟಿಕೆಗಳ ಹೆಸರಿಟ್ಟಿದ್ದಾರೆ. 'ಅಸ್ಥಿರ' ಕೊಟ್ಟಿಗೆಗೆ ಮಾತ್ರ ಯಾವಾಗಲೂ ಸಿಡ್ ಎಂದೇ ಹೆಸರು. ಆಟಿಕೆಗಳನ್ನು ಮುರಿದುಹಾಕುವ ಹುಡುಗನ ಹೆಸರು ಅದು.

ಒಮ್ಮೆ ಹೊರಬಿದ್ದ ಮೇಲೆ ಆ ಆವೃತ್ತಿ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಭದ್ರತೆಯ ತೂತು ಕಂಡರೆ ಅದನ್ನು ಮುಚ್ಚುವಷ್ಟೇ ತೇಪೆಯನ್ನು ಹಳೆಯ ಆವೃತ್ತಿಗೇ ಹಾಕಿ ಕಳುಹಿಸುತ್ತಾರೆ. ಮೆನು ಬದಲಾಗುವುದಿಲ್ಲ, ಕಡತದ ರೂಪ ಬದಲಾಗುವುದಿಲ್ಲ, ಪ್ರಿಂಟರಿನ ನಂಟು ತಪ್ಪುವುದಿಲ್ಲ. ಸಭೆಯಲ್ಲಿ ಮಾತಿಗೆ ಬಂದ 7.4ರ ಲಿಬ್ರೆಆಫೀಸ್ ಈ ಬಗೆಯದು. ಹೊರಗೆ ಹಳೆಯದು, ಆದರೆ ಅದಕ್ಕೆ ತೇಪೆಗಳು ಬೀಳುತ್ತಲೇ ಇದ್ದವು. ಇದನ್ನು ಸದಸ್ಯರು ಗಮನಿಸಬೇಕೆಂದು ಕೋರುತ್ತೇವೆ, ಏಕೆಂದರೆ ಸ್ಥಿರ ಎಂಬ ಮಾತನ್ನು 'ಅಪ್‌ಡೇಟ್ ಮಾಡದೆ ಬಿಟ್ಟದ್ದು' ಎಂದು ತಿಳಿಯುವವರೇ ಹೆಚ್ಚು.

ಎರಡನೆಯದು ರೋಲಿಂಗ್ ರಿಲೀಸ್ ಎಂಬ ಸಂಪ್ರದಾಯ, ಉರುಳುತ್ತಲೇ ಇರುವ ಆವೃತ್ತಿ. 2002ರಲ್ಲಿ ಆರಂಭವಾದ ಆರ್ಚ್ ಲಿನಕ್ಸ್, ಓಪನ್‌ಸೂಸೆಯವರ ಟಂಬಲ್‌ವೀಡ್ ಇವು ಇದರಲ್ಲಿ ಹೆಸರಾದವು. ಇಲ್ಲಿ ಹನ್ನೆರಡು, ಹದಿಮೂರು ಎಂಬ ಸಂಖ್ಯೆಗಳಿಲ್ಲ. ಮೂಲ ಲೇಖಕರು ಹೊಸತನ್ನು ಹೊರಡಿಸಿದ ಕೆಲವೇ ದಿನಗಳಲ್ಲಿ, ಸ್ವಲ್ಪ ಪರೀಕ್ಷೆಯಾಗಿ, ಅದು ನಿಮ್ಮ ಯಂತ್ರಕ್ಕೆ ಬರುತ್ತದೆ. ಒಮ್ಮೆ ಹಾಕಿಕೊಂಡರೆ ಮತ್ತೆಂದೂ ದೊಡ್ಡ ಜಿಗಿತವಿಲ್ಲ, ದಿನವೂ ಸಣ್ಣ ಸಣ್ಣ ಹೆಜ್ಜೆ. ಕೇಳಲು ಚೆನ್ನಾಗಿದೆ, ಬಲ್ಲವರ ಕೈಯಲ್ಲಿ ಚೆನ್ನಾಗಿಯೂ ಇದೆ.

ಇನ್ನು ನಮ್ಮ ಅನುಭವ. ಸಂಘವು ಮೊದಲು ಹಾಕಿಸಿಕೊಂಡದ್ದು ಈ ಎರಡನೆಯ ಜಾತಿಯದನ್ನೇ ಎಂಬುದು ಪ್ರಶ್ನೆ ಕೇಳಿದ ಸದಸ್ಯರಿಗೆ ಬಹುಶಃ ಗೊತ್ತಿಲ್ಲ. ಯಾವುದೆಂದು ಹೆಸರು ಹೇಳುವುದಿಲ್ಲ, ಏಕೆಂದರೆ ತಪ್ಪು ಅದರದಲ್ಲ. 2024ರ ದೀಪಾವಳಿ ರಜೆಯಲ್ಲಿ ಊರಿಗೆ ಬಂದಿದ್ದ ಸದಸ್ಯರೊಬ್ಬರ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ, ಎರಡು ದಿನ ಊಟ ತಿಂಡಿ ಮರೆತು ಮೂರು ಯಂತ್ರಗಳಿಗೂ ಅದನ್ನು ಹಾಕಿಕೊಟ್ಟ. ಹಳೆಯ ಯಂತ್ರಗಳು ಕರು ಬಿಟ್ಟಂತೆ ಓಡತೊಡಗಿದವು. ನಾವು ಬಿ.ಎಸ್ಸಿ. ಓದುವಾಗ ಕಾಲೇಜಿನಲ್ಲಿದ್ದ ಒಂದೇ ಕಂಪ್ಯೂಟರನ್ನು ಬೀಗ ಹಾಕಿದ ಕೋಣೆಯ ಕಿಟಕಿಯಿಂದ ನೋಡಿದವರು. ಹುಡುಗನ ಕೈಚಳಕ ಕಂಡು ನಮಗೆ ಸಂತೋಷವಾದದ್ದು ಸಹಜ.

ಎರಡು ತಿಂಗಳು ಏನೂ ತೊಂದರೆಯಿಲ್ಲ. ಜನವರಿಯ ಒಂದು ಶನಿವಾರ ಬೆಳಿಗ್ಗೆ, ಅಂಗಳದಲ್ಲಿ ರಾಶಿ ಅಡಿಕೆಯ ಚೀಲಗಳೂ ಚೆರ್ರಿ ಕಾಫಿಯ ಚೀಲಗಳೂ ಸಾಲುಗಟ್ಟಿದ್ದಾಗ, ಕೌಂಟರಿನ ಗುಮಾಸ್ತರು ಪರದೆಯ ಮೇಲೆ ಕೇಳಿದ್ದಕ್ಕೆ ಹೂಂ ಎಂದು ಅಪ್‌ಡೇಟ್ ಒತ್ತಿದರು. ಯಂತ್ರ ಮತ್ತೆ ಎದ್ದಿತು, ಎಲ್ಲವೂ ಸರಿಯಾಗಿತ್ತು, ತೂಕದ ಚೀಟಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೊಂದನ್ನು ಬಿಟ್ಟು. ಪ್ರಿಂಟರಿನ ಹಳೆಯ ಡ್ರೈವರು ನೆಚ್ಚಿಕೊಂಡಿದ್ದ ಒಂದು ಲೈಬ್ರರಿ ಹೊಸ ಆವೃತ್ತಿಗೆ ಬದಲಾಗಿತ್ತು, ಡ್ರೈವರು ಬದಲಾಗಿರಲಿಲ್ಲ. ಇದು ನಮಗೆ ತಿಳಿದದ್ದು ಸಂಜೆ, ಹುಡುಗ ಫೋನಿಗೆ ಸಿಕ್ಕಿದ ಮೇಲೆ. ಅಷ್ಟರಲ್ಲಿ ಕಾರ್ಬನ್ ಪುಸ್ತಕ ತೆಗೆದು ಕೈಯಲ್ಲೇ ಚೀಟಿ ಬರೆದೆವು. ಶನಿವಾರ ತೋಟಗಳಲ್ಲಿ ಬಟವಾಡೆಯ ದಿನ. ಯಾರಿಗೂ ನಾಳೆ ಬನ್ನಿ ಎನ್ನುವಂತಿರಲಿಲ್ಲ. ಸೋಮವಾರ ಲೆಕ್ಕ ತಾಳೆ ನೋಡಿದರೆ ಎರಡು ಚೀಟಿ ತಪ್ಪು. ಒಂದರಲ್ಲಿ 348 ಕಿಲೋ ಎಂಬುದು 384 ಆಗಿತ್ತು. ಇನ್ನೊಂದರಲ್ಲಿ ಖಾತೆ ಸಂಖ್ಯೆಯೇ ಅದಲುಬದಲಾಗಿ ಬ್ಯಾಂಕಿನಿಂದ ಹಿಂದಕ್ಕೆ ಬಂತು. ಆ ಎರಡನೆಯ ಚೀಟಿಯ ಸದಸ್ಯರಿಗಿರುವುದು ಎರಡೆಕರೆ. ಅವರ ಹಣ ಒಂಬತ್ತು ದಿನ ತಡವಾಯಿತು, ಕೊಯ್ಲಿನವರ ಕೂಲಿಗಾಗಿ ಅವರು ಕೈಸಾಲ ಮಾಡಬೇಕಾಯಿತು. ಅವರು ನಮಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತೇನೋ.

ಫೆಬ್ರವರಿಯಲ್ಲಿ ಮೂರು ಯಂತ್ರಗಳಿಗೂ ಡೆಬಿಯನ್ನಿನ ಹನ್ನೆರಡನೆಯ ಸ್ಥಿರ ಆವೃತ್ತಿಯನ್ನು ಹಾಕಿಸಿದೆವು. ಹಾಕಿದವನು ಅದೇ ಹುಡುಗ. ತನ್ನ ಯಂತ್ರಕ್ಕೆ ಮಾತ್ರ ಉರುಳುವುದನ್ನೇ ಇಟ್ಟುಕೊಂಡಿದ್ದಾನೆ, ಅದು ಅವನಿಗೆ ತಕ್ಕದ್ದೂ ಹೌದು. ಕೆಟ್ಟರೆ ರಾತ್ರಿ ಕುಳಿತು ಸರಿಮಾಡಬಲ್ಲ, ಬೆಳಗಾಗುವುದರೊಳಗೆ ಅವನ ಅಂಗಳದಲ್ಲಿ ಯಾರೂ ಚೀಲ ಇಳಿಸುವುದಿಲ್ಲ. ಯಾವ ಆವೃತ್ತಿ ಒಳ್ಳೆಯದು ಎಂದು ಕೇಳುವ ಮೊದಲು, ಅದು ಕೈಕೊಟ್ಟ ದಿನ ಅದರ ಮುಂದೆ ಕುಳಿತುಕೊಳ್ಳುವವರು ಯಾರು, ಆ ಹೊತ್ತಿನಲ್ಲಿ ಅದರ ಹಿಂದೆ ಕಾಯುತ್ತಿರುವವರು ಯಾರು ಎಂದು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಉರುಳುವ ಆವೃತ್ತಿಗೆ ಇನ್ನೊಂದು ಕಟ್ಟಳೆಯುಂಟು, ನಮ್ಮ ಮಲೆನಾಡಿಗೆ ಅದು ಒಗ್ಗುವುದು ಕಷ್ಟ. ಅದನ್ನು ಬಿಡದೆ ಹೊಸದು ಮಾಡುತ್ತಲೇ ಇರಬೇಕು. ಬೇಕಾದ ಒಂದೆರಡನ್ನು ಮಾತ್ರ ಹೊಸದು ಮಾಡಿ ಉಳಿದದ್ದನ್ನು ಬಿಡುವಂತಿಲ್ಲ; ಮಾಡಿದರೆ ಎಲ್ಲವನ್ನೂ ಒಟ್ಟಿಗೆ ಮಾಡಬೇಕೆಂದು ಆರ್ಚ್‌ನವರೇ ಸ್ಪಷ್ಟವಾಗಿ ಹೇಳಿದ್ದಾರೆ, ಮಾಡುವ ಮುನ್ನ ತಮ್ಮ ಪ್ರಕಟಣೆಗಳನ್ನು ಓದಬೇಕೆಂದೂ ಹೇಳಿದ್ದಾರೆ. ಆಷಾಢದಲ್ಲಿ ಮರ ಬಿದ್ದು ತಂತಿ ಹರಿದು, ವಾರಗಟ್ಟಲೆ ಕರೆಂಟೂ ನೆಟ್‌ವರ್ಕೂ ಇಲ್ಲದ ಮನೆಗಳು ನಮ್ಮ ಸದಸ್ಯರಲ್ಲಿ ಎಷ್ಟಿಲ್ಲ? ಎರಡು ಮೂರು ತಿಂಗಳು ಮುಟ್ಟದೆ ಬಿಟ್ಟ ಯಂತ್ರಕ್ಕೆ ಗಿಗಾಬೈಟುಗಟ್ಟಲೆ ಒಮ್ಮೆಲೇ ಇಳಿಸುವುದು, ಅರ್ಧದಲ್ಲಿ ಕರೆಂಟು ಹೋಗುವುದು, ಆಮೇಲೆ ಅದು ಏಳದಿರುವುದು, ಇವೆಲ್ಲ ನಡೆಯಬಹುದಾದ ಸಂಗತಿಗಳೇ. ಸ್ಥಿರ ಆವೃತ್ತಿಯ ಭದ್ರತಾ ತೇಪೆಗಳು ಸಾಮಾನ್ಯವಾಗಿ ಚಿಕ್ಕವು, ಮೊಬೈಲಿನ ನೆಟ್‌ನಲ್ಲೂ ಇಳಿಯುತ್ತವೆ.

ತೋಟಗಾರರಿಗೆ ಈ ವಿಚಾರ ಹೊಸದೇನೂ ಅಲ್ಲ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ ಎಸ್. 795 ತಳಿ ಇಂದಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ನಿಂತಿದೆ. 1980ರ ದಶಕದಲ್ಲಿ ಕಾವೇರಿ ತಳಿ ಬಂದಾಗ, ಗಿಡ್ಡ ಗಿಡ, ಬೇಗ ಫಸಲು, ಎಲೆ ತುಕ್ಕು ರೋಗ ಮುಟ್ಟುವುದಿಲ್ಲ ಎಂದು ಅನೇಕರು ಹಳೆಯ ಗಿಡ ಕಿತ್ತು ಅದನ್ನು ನೆಟ್ಟರು. ಕೆಲವು ವರ್ಷಗಳಲ್ಲಿ ಆ ನಿರೋಧ ಮುರಿಯಿತು. ಹಾಗೆಂದು ಎಸ್. 795ಕ್ಕೆ ತುಕ್ಕು ಬರುವುದಿಲ್ಲವೆಂದಲ್ಲ, ಬರುತ್ತದೆ. ಆದರೆ ಯಾವಾಗ ಬರುತ್ತದೆ, ಯಾವ ಔಷಧಿ ಎಷ್ಟು ಹೊಡೆಯಬೇಕು ಎಂಬುದು ಮನೆಯ ಹೆಂಗಸರಿಗೂ ಆಳುಗಳಿಗೂ ಬಾಯಿಪಾಠ. ಸ್ಥಿರ ಆವೃತ್ತಿಯಲ್ಲಿ ಇರುವುದು ಇಂಥ ಪರಿಚಿತ ರೋಗಗಳು. ಹೋಲಿಕೆಯನ್ನು ಇದಕ್ಕಿಂತ ಎಳೆಯುವುದು ಬೇಡ. ಕಾಫಿ ಗಿಡವನ್ನು ಒಂದು ಮಧ್ಯಾಹ್ನದಲ್ಲಿ ಕಿತ್ತು ಬೇರೆ ನೆಡಲಾಗದು, ಲಿನಕ್ಸನ್ನು ನೆಡಬಹುದು.

ಹೊಸತು ತಡವಾಗಿ ಬರುವುದರಿಂದ ಆಗುವ ಲಾಭಕ್ಕೆ 2024ರಲ್ಲಿ ಒಂದು ದೊಡ್ಡ ನಿದರ್ಶನ ಸಿಕ್ಕಿತು. ಕಡತಗಳನ್ನು ಒತ್ತಿ ಚಿಕ್ಕದಾಗಿಸುವ ಎಕ್ಸ್‌ಜೆಡ್ ಎಂಬ ಸಣ್ಣ ಉಪಕರಣ ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇದೆ. ಅದನ್ನು ನೋಡಿಕೊಳ್ಳುತ್ತಿದ್ದುದು ಹೆಚ್ಚುಕಡಿಮೆ ಒಬ್ಬರೇ ಸ್ವಯಂಸೇವಕರು. ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡುತ್ತ ಅವರ ವಿಶ್ವಾಸ ಗಳಿಸಿದ ಒಬ್ಬ ಅನಾಮಧೇಯ ವ್ಯಕ್ತಿ, ಕೊನೆಗೆ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಇಟ್ಟ. ಅದು ಫಲಿಸಿದ್ದರೆ ದೂರದಿಂದಲೇ ಲೆಕ್ಕವಿಲ್ಲದಷ್ಟು ಸರ್ವರುಗಳ ಒಳಹೊಕ್ಕುಬಿಡಬಹುದಾಗಿತ್ತು. ಆಂಡ್ರೆಸ್ ಫ್ರಾಯಂಡ್ ಎಂಬ ಇಂಜಿನಿಯರು ತಮ್ಮ ಬೇರೇನೋ ಪರೀಕ್ಷೆಯ ನಡುವೆ, ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿದೆಯಲ್ಲ ಎಂದು ಅನುಮಾನಗೊಂಡು ಜಾಡು ಹಿಡಿದು ಹೋಗಿ, ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಅಷ್ಟರಲ್ಲಿ ಆ ಆವೃತ್ತಿಗಳು ಆರ್ಚ್‌ಗೂ ಟಂಬಲ್‌ವೀಡ್‌ಗೂ ಡೆಬಿಯನ್ನಿನ ಮೊದಲೆರಡು ಕೊಟ್ಟಿಗೆಗಳಿಗೂ ಹೋಗಿ ಆಗಿತ್ತು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಹೋಗಿರಲಿಲ್ಲ. ಆರ್ಚ್‌ನ ಲಾಗಿನ್ ವ್ಯವಸ್ಥೆಯ ಜೋಡಣೆ ಬೇರೆಯಾದ್ದರಿಂದ ಅಲ್ಲಿ ಆ ಬಾಗಿಲು ಕೆಲಸ ಮಾಡುವಂತಿರಲಿಲ್ಲ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಹಾಗೆಯೇ ಸ್ಥಿರದವರ ತಪ್ಪನ್ನೂ ಮುಚ್ಚಿಡಬಾರದು. 2006ರಲ್ಲಿ ಡೆಬಿಯನ್ನಿನವರೇ ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿ ಸಾಧನಕ್ಕೆ ತಾವಾಗಿ ಒಂದು ತಿದ್ದುಪಡಿ ಹಾಕಿದರು. ಅದರಿಂದ ಅಲ್ಲಿ ತಯಾರಾಗುವ ಬೀಗದಕೈಗಳೆಲ್ಲ ಸುಲಭವಾಗಿ ಊಹಿಸಬಹುದಾದ ಕೆಲವು ಹತ್ತು ಸಾವಿರ ಬಗೆಗಳಿಗೆ ಇಳಿದವು. 2007ರ ಸ್ಥಿರ ಆವೃತ್ತಿಯಲ್ಲಿ ಆ ದೋಷವೂ ಸ್ಥಿರವಾಗಿ ಕುಳಿತಿತ್ತು, 2008ರ ಮೇ ತಿಂಗಳವರೆಗೆ ಯಾರೂ ಕಾಣಲಿಲ್ಲ. ಕಾದರೆ ದೋಷ ತಾನಾಗಿ ಹೊರಬೀಳುತ್ತದೆಂಬ ನಂಬಿಕೆಗೂ ಮಿತಿಯಿದೆ.

ಇದು ಲಿನಕ್ಸಿನವರ ಒಳಜಗಳವೆಂದು ವಿಂಡೋಸ್ ಇಟ್ಟುಕೊಂಡಿರುವ ಸದಸ್ಯರು ಪುಟ ತಿರುಗಿಸುವುದು ಬೇಡ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಒಂದೇ ಬಾರಿಗೆ ಎಲ್ಲ ಗಿರಾಕಿಗಳಿಗೆ ಕಳುಹಿಸಿದ ಒಂದು ದೋಷಪೂರಿತ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣದಲ್ಲೂ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ನಮ್ಮ ಕಾರ್ಬನ್ ಪುಸ್ತಕಕ್ಕೆ ಅಂದು ಸ್ವಲ್ಪ ಮರ್ಯಾದೆ ಬಂದಿರಬೇಕು.

ಹೊಸತರ ಪರವಾಗಿಯೂ ನ್ಯಾಯವಾಗಿ ಹೇಳಬೇಕಾದದ್ದಿದೆ. ಈಗಷ್ಟೇ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪನ್ನು ಕೊಂಡವರಿಗೆ ಸ್ಥಿರ ಆವೃತ್ತಿಯ ಹಳೆಯ ಕರ್ನಲ್ ಅದರ ವೈಫೈ ಚಿಪ್ಪನ್ನೋ ಪರದೆಯನ್ನೋ ಗುರುತಿಸದೆ ಹೋಗಬಹುದು. ಡೆಬಿಯನ್ 12ರ ಕರ್ನಲ್ 6.1, ಅದು 2022ರ ಕೊನೆಯದು; ಅದರ ನಂತರ ಹುಟ್ಟಿದ ಚಿಪ್ಪು ಅದಕ್ಕೆ ಹೇಗೆ ಗೊತ್ತಿರಬೇಕು? ಕಂಪ್ಯೂಟರ್ ವಿಷಯವನ್ನೇ ಓದುತ್ತಿರುವ ಮಕ್ಕಳು ಉರುಳುವ ಆವೃತ್ತಿಯನ್ನು ಬಳಸಿ, ಕೆಡಿಸಿ, ಸರಿಪಡಿಸಿ ಕಲಿಯುವಷ್ಟು ತರಗತಿಯಲ್ಲಿ ಕಲಿಯಲಾರರೆಂದೂ ನಮಗನ್ನಿಸಿದೆ. ಪ್ರಶ್ನೆ ಕೇಳಿದ ಸದಸ್ಯರು ತಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನು ಇಟ್ಟುಕೊಂಡಿರುವುದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಧಾರಣೆ ನೋಡಲು, ಪಹಣಿ ತೆಗೆಯಲು, ಬೆಂಗಳೂರಿನ ಮಗಳೊಂದಿಗೆ ಮುಖ ನೋಡಿ ಮಾತಾಡಲು ಯಂತ್ರ ತೆರೆಯುವ ನಮ್ಮಂಥವರಿಗೆ ಡೆಬಿಯನ್, ಮಿಂಟ್, ಇಲ್ಲವೇ ಉಬುಂಟುವಿನ ಐದು ವರ್ಷದ ದೀರ್ಘಾವಧಿ ಆವೃತ್ತಿಗಳು ಸಾಕು. 2024ರ ಏಪ್ರಿಲಿನಲ್ಲಿ ಬಂದ ಉಬುಂಟು 24.04 ಅಂಥದು. ತೀರ ಹಳೆಯ 32 ಬಿಟ್ ಯಂತ್ರವಿರುವವರು ಮಾತ್ರ ಎಚ್ಚರ ವಹಿಸಬೇಕು. ಡೆಬಿಯನ್ 13ನ್ನು ಅವುಗಳ ಮೇಲೆ ಹೊಸದಾಗಿ ಹಾಕಲಾಗದು.

ಯಾವುದನ್ನೇ ಹಾಕಿದರೂ ಭದ್ರತಾ ತೇಪೆಗಳನ್ನು ತಪ್ಪಿಸುವಂತಿಲ್ಲ. ಮಳೆ ಹಿಡಿಯುವ ಮುನ್ನ ಕೊನೆಗೌಡರಿಂದ ಬೋರ್ಡೋ ಹೊಡೆಸಿ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಹೊಡೆಸದೆ ಕೊಳೆರೋಗವನ್ನು ದೂಷಿಸುವವರನ್ನು ನಾವು ಕಂಡಿದ್ದೇವೆ. 2020ರ ಜನವರಿಯಲ್ಲೇ ಕೈಬಿಟ್ಟ ವಿಂಡೋಸ್ 7ರಲ್ಲಿ ಇಂದಿಗೂ ಬ್ಯಾಂಕಿನ ವ್ಯವಹಾರ ಮಾಡುತ್ತಿರುವ ಸದಸ್ಯರೂ ನಮಗೆ ಗೊತ್ತು.

ಕನ್ನಡದ ಬಗ್ಗೆ ಹಲವರು ಕೇಳಿದ್ದಾರೆ. ಕಗಪ ಕೀಲಿಮಣೆ ಲಿನಕ್ಸಿನಲ್ಲಿದೆ. ಲೋಹಿತ್, ಗುಬ್ಬಿ, ನವಿಲು ಮುಂತಾದ ಅಕ್ಷರಗಳೂ ಸಿಗುತ್ತವೆ. ಹಳೆಯ ನುಡಿ ಅಥವಾ ಬರಹದ ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬರೆದ ಕಡತಗಳು ಮಾತ್ರ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ, ಅವನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಸಂಘದ ಇಪ್ಪತ್ತು ವರ್ಷದ ನಡವಳಿ ಪುಸ್ತಕಗಳನ್ನು ಹೀಗೆ ಪರಿವರ್ತಿಸಿದೆವು. ಒತ್ತಕ್ಷರಗಳು ಅಲ್ಲಲ್ಲಿ ಎಡವಿದ್ದನ್ನು ಕೈಯಲ್ಲಿ ತಿದ್ದಬೇಕಾಯಿತು.

ಸ್ಥಿರ ಆವೃತ್ತಿಯಲ್ಲಿ ಕಷ್ಟದ ದಿನವೇ ಇಲ್ಲವೆಂದು ಯಾರೂ ತಿಳಿಯಬಾರದು. ಅದು ಎರಡು ಮೂರು ವರ್ಷಕ್ಕೊಮ್ಮೆ ಒಟ್ಟಿಗೆ ಬರುತ್ತದೆ, ಆದರೆ ಯಾವಾಗ ಬರಬೇಕೆಂಬುದನ್ನು ನಾವು ಗೊತ್ತುಮಾಡಬಹುದು. ಹದಿಮೂರನೆಯದು ಆಗಸ್ಟಿನಲ್ಲಿ ಬಂದಾಗ ನಮಗೆ ಖರೀದಿಯ ಗಲಾಟೆ ಇರಲಿಲ್ಲ. ಆದರೆ ಮಳೆಯಿಂದಾಗಿ ಕರೆಂಟೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಅದರ ಮೊದಲ ತಿದ್ದುಪಡಿಗಳ ಕಂತು 13.1 ಬರಲೆಂದು ಕಾದು, ದಸರಾ ರಜೆಯಲ್ಲಿ ಬದಲಿಸಿದೆವು. ಮೊದಲು ಬದಲಿ ಯಂತ್ರಕ್ಕೆ ಹಾಕಿ, ಅದೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಜೋಡಿಸಿ, ಹತ್ತು ಸುಳ್ಳು ಚೀಟಿಗಳನ್ನು ಮುದ್ರಿಸಿ ನೋಡಿ, ಆಮೇಲೆ ಉಳಿದ ಮೂರಕ್ಕೆ ಕೈಹಾಕಿದ್ದು. ಈಗ ಲಿಬ್ರೆಆಫೀಸ್ 25.2 ಇದೆ. ಪ್ರಶ್ನೆ ಕೇಳಿದವರ ಮನೆಯಲ್ಲಿರುವುದಕ್ಕಿಂತ ಅದೂ ಹಿಂದೆಯೇ, ಮುಂದಿನ ಸಭೆಯ ಹೊತ್ತಿಗೆ ಇನ್ನಷ್ಟು ಹಿಂದಾಗಿರುತ್ತದೆ.

ಈ ಆವೃತ್ತಿಗೆ 2028ರವರೆಗೆ ಪೂರ್ಣ ಪೋಷಣೆಯೂ ಆ ಮೇಲೆ ಎರಡು ವರ್ಷ ಭದ್ರತೆಯ ಪೋಷಣೆಯೂ ಇದೆ. ಆಗ ಈ ಕುರ್ಚಿಯಲ್ಲಿ ನಾವೇ ಇರುತ್ತೇವೆಂಬ ಭರವಸೆಯಿಲ್ಲ, ಹುಡುಗ ಯಾವ ದೇಶದಲ್ಲಿರುತ್ತಾನೋ ತಿಳಿಯದು. ಆದಕಾರಣ ಹಾಕಿದ್ದು ಏನು, ಕ್ರಮ ಹೇಗೆ, ಪ್ರಿಂಟರಿನ ಡ್ರೈವರ್ ಯಾವುದು, ವಾರದ ಪ್ರತಿಯನ್ನು ಯಾವ ಡ್ರೈವಿನಲ್ಲಿ ತೆಗೆದಿಡಲಾಗುತ್ತದೆ ಎಂಬುದನ್ನೆಲ್ಲ ಒಂದು ಇನ್ನೂರು ಪುಟದ ನೋಟ್‌ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇವೆ. ತಕ್ಕಡಿಯ ಮುದ್ರೆ ಪತ್ರವಿರುವ ಕಪಾಟಿನ ಮೇಲಿನ ಅರೆಯಲ್ಲಿ ಅದು ಇದೆ. ಕಚೇರಿ ವೇಳೆಯಲ್ಲಿ ಯಾವ ಸದಸ್ಯರಾದರೂ ತೆಗೆದು ನೋಡಬಹುದು. ಪ್ರಶ್ನೆ ಕೇಳಿದ ಕಿರಿಯ ಸದಸ್ಯರು ಬಂದು ನೋಡಿ, ತಪ್ಪಿದ್ದಲ್ಲಿ ತಿದ್ದಿಕೊಟ್ಟರೆ ಉಪಕಾರವಾಗುತ್ತದೆ.